ಜುಂಜಮ್ಮನಿಗೆ ಮುಯ್ಯಾಳು

ಮಾರ್ಚ್ 11, ಮಂಗಳವಾರ

ಜುಂಜಮ್ಮ ಬದುಕಿದ್ದಾಳೆ. ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ.

ನಿನ್ನೆ ನಾವಿಬ್ಬರೂ ಈ ಸುಗ್ಗಿಯ ಮೊದಲ ಹುಣಸೆಹಣ್ಣನ್ನು ಚಳ್ಳಕೆರೆಯ ಮಂಡಿಗೆ ತಂದಿದ್ದೆವು. ನಮ್ಮ ಮನೆಯವರೇ ಊರು ದೇವಸಮುದ್ರದಿಂದ ತಮ್ಮ ಬಾಡಿಗೆಯ ಗೂಡ್ಸ್ ಗಾಡಿಯಲ್ಲಿ ಚೀಲ ಹೇರಿಕೊಂಡು ಬಂದು ಇಳಿಸಿದರು, ಬೇರೆ ಬಾಡಿಗೆ ಸಿಕ್ಕಿತೆಂದು ಹೋದರು. ತೂಕ ನಡೆಯುತ್ತಿತ್ತು. ಎಂದಿನಂತೆ ಜುಂಜಮ್ಮನೇ ಮಂಡಿಯವನ ಜೊತೆ ದರಕ್ಕೆ ಜಗಳ ತೆಗೆದಿದ್ದಳು. ಜಗಳದ ನಡುವೆಯೇ ಮಾತು ನಿಲ್ಲಿಸಿ ಚೀಲದ ಮೇಲೆ ಕೂತಳು. ಕೂತವಳು ಹಾಗೇ ಮಗ್ಗುಲಿಗೆ ವಾಲಿದಳು. ಮೈಯೆಲ್ಲ ಬೆವರು. ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಬಿಗಿದುಕೊಂಡಿತ್ತು. ಇಬ್ಬರು ಹಮಾಲರು ಎತ್ತಿ ಆಟೋದಲ್ಲಿ ಮಲಗಿಸಿದರು. ಆಟೋದವನು ಹತ್ತಿರದ ನರ್ಸಿಂಗ್ ಹೋಮಿಗೆ ತಂದು ನಿಲ್ಲಿಸಿದ.

ಜಠರಕ್ಕೆ ತೂತು ಬಿದ್ದಿದೆ ಎಂದರು ಡಾಕ್ಟರು. ಬಾಗಿ ಬಾಗಿ ಹಣ್ಣು ಆರಿಸಿ ಅವಳಿಗೆ ಸೊಂಟನೋವು. ಬರಿಹೊಟ್ಟೆಯಲ್ಲಿ ಅಂಗಡಿಯ ಮಾತ್ರೆ ನುಂಗುತ್ತಿದ್ದಳು. ಎರಡು ತಿಂಗಳಿಂದ ನನ್ನ ಕಣ್ಣೆದುರೇ ನುಂಗಿದ್ದಾಳೆ.

"ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸೋಷ್ಟು ಹೊತ್ತಿಲ್ಲಮ್ಮ, ಈಗಲೇ ಆಪರೇಷನ್ ಆಗ್ಬೇಕು. ನೀವು ಇವರಿಗೆ ಏನಾಗ್ಬೇಕು?" ಎಂದು ಡಾಕ್ಟರು ಕೇಳಿದರು.

"ಜೊತೆಯವಳು" ಎಂದೆ. ಹಾಗೆ ಬರೆದುಕೊಳ್ಳುವುದಿಲ್ಲವಂತೆ. ತಂಗಿ ಎಂದು ಬರೆಸಿ ಸಹಿ ಹಾಕಿದೆ. ನಮ್ಮ ಮನೆಯವರನ್ನು ಒಂದು ಮಾತೂ ಕೇಳದೆ ಸಹಿ ಹಾಕಿಬಿಟ್ಟೆನಲ್ಲ ಎಂದು ಅವಳನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ನೆನಪಾಯಿತು. ಫೋನ್ ಮಾಡಿದೆ. "ಹಾಕಿದ್ ಮೇಲೆ ಇನ್ನೇನು" ಎಂದರು.

ಮಂಡಿಯವನು ತೂಕ ಮುಗಿಸಿ ಕಳಿಸಿದ ಹಣ ಪೂರ್ತಿ ಅಡ್ವಾನ್ಸಿಗೆ ಹೋಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಅವಳ ಅವ್ವ ಕರಿಯಕ್ಕ ಬಂದಳು. ಬಂದವಳು ಮಗಳ ಪಾದ ಹಿಡಿದುಕೊಂಡು ಕೂತುಬಿಟ್ಟಳು. ಬಿಡು ದೊಡ್ಡವ್ವ, ನರ್ಸಮ್ಮ ಬೈತಾರೆ ಎಂದರೂ ಬಿಡಲಿಲ್ಲ.

ಮಾರ್ಚ್ 12, ಬುಧವಾರ

ಒಟ್ಟು ಒಂದು ಲಕ್ಷದ ಮೇಲಾಗುತ್ತದೆ ಎಂದು ಮ್ಯಾನೇಜರು ಹೇಳಿದರು. ಒರಟು ಮನುಷ್ಯನಲ್ಲ. ಬಿಪಿಎಲ್ ಕಾರ್ಡಿನಲ್ಲಿ ಹೆಸರಿದ್ದರೆ ಸರ್ಕಾರದ ಯೋಜನೆಗೆ ಹಾಕಲು ನೋಡಬಹುದು, ಬೇಗ ತನ್ನಿ ಎಂದರು.

ಜುಂಜಮ್ಮನಿಗೆ ಕಾರ್ಡ್ ಎಲ್ಲಿದೆ? ಗಂಡನನ್ನು ಬಿಟ್ಟು ಬಂದು ನಾಲ್ಕು ವರ್ಷ. ಅವ್ವನ ಕಾರ್ಡಿಗೆ ಹೆಸರು ಸೇರಿಸು ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ, ಹುಣಸೆ ಸುಗ್ಗಿ ಮುಗಿಯಲಿ ಎಂದು ಅವಳು ಪ್ರತಿ ವರ್ಷ ಹೇಳುತ್ತಾಳೆ. ಇನ್ಶೂರೆನ್ಸ್ ಎಂಬುದು ಲಾರಿ, ಟ್ರ್ಯಾಕ್ಟರಿಗೆ ಮಾಡಿಸುವುದು ಎಂದು ನಾವಿಬ್ಬರೂ ತಿಳಿದಿದ್ದೆವು.

"ಗಂಡನ ಮನೆ ಕಾರ್ಡಾಗೆ ಇನ್ನೂ ಹೆಸರಿದ್ರೂ ಇರಬೋದು" ಎಂದಳು ಕರಿಯಕ್ಕ. ನಾಳೆ ಮೊಳಕಾಲ್ಮುರಿಗೆ ಹೋಗಿ ಕೇಳಬೇಕು. ಹೋಗಲೇ ಎಂದು ಇವರನ್ನು ಕೇಳಿದೆ. ಹೋಗು, ಕತ್ತಲಾಗೋದ್ರೊಳಗೆ ಬಾ ಎಂದರು.

ಮಾರ್ಚ್ 13, ಗುರುವಾರ

ಜುಂಜಮ್ಮನ ಗಂಡ ಯರ್ರಿಸ್ವಾಮಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೋರ್‌ವೆಲ್ ಏಜೆಂಟ್ ಎಂದರೆ ಮೊಳಕಾಲ್ಮುರಿನಲ್ಲಿ ಎಲ್ಲರಿಗೂ ಗೊತ್ತು. ಅತ್ತ ಇತ್ತ ಮಗ್ಗದ ಮನೆಗಳು, ನಡುವೆ ಇವನದು ಎರಡಂತಸ್ತು. ಬಾಗಿಲಲ್ಲೇ ನಿಂತು ಯಾರೊಂದಿಗೋ ಫೋನಿನಲ್ಲಿ ತೆಲುಗಿನಲ್ಲಿ ನಗುತ್ತ ಮಾತಾಡುತ್ತಿದ್ದ.

"ಬರ್ರಿ ಗೀತಮ್ಮಾರೆ, ಕುಂತ್ಕಳ್ರಿ. ಬಿಸಿಲಾಗೆ ಬಂದೀರಿ. ಮೊದ್ಲು ನೀರು ಕುಡೀರಿ."

ಆಪರೇಷನ್ ವಿಷಯ ಅವನಿಗೆ ಆಗಲೇ ಗೊತ್ತಿತ್ತು. ಕಾರ್ಡಿನಲ್ಲಿ ಜುಂಜಮ್ಮನ ಹೆಸರು ಇಲ್ಲ, ತೆಗೆಸಿ ಮೂರು ವರ್ಷವಾಗಿದೆ. ತಾನೇ ಕಾರ್ಡು ತಂದು ತೋರಿಸಿದ. ನನ್ನ ಮುಖ ಬಾಡಿದ್ದು ಕಂಡಿತೇನೋ.

"ಕಾರ್ಡ್ ಹೋದ್ರೆ ಹೋಗ್ಲಿ ಬಿಡ್ರಿ. ಬಿಲ್ಲು ಎಷ್ಟಾದ್ರೂ ಆಗ್ಲಿ, ನಾನು ಕಟ್ತೀನಿ. ಆಸ್ಪತ್ರೆಯಿಂದ ಸೀದಾ ಈ ಮನೆಗೆ ಬರ್ಲಿ. ಹಳೇದೆಲ್ಲ ನಾನು ಮನಸ್ಸಿನಾಗೆ ಇಟ್ಕಂಡಿಲ್ಲ."

ಒಳಕೋಣೆಯಿಂದ ಒಂದು ಮುದಿ ದನಿ, "ಎವರಮ್ಮಾ ಅದಿ? ಜುಂಜಮ್ಮನಾ?" ಎಂದು ಬಂದವರು ಯಾರೆಂದು ತೆಲುಗಿನಲ್ಲಿ ಕೇಳಿತು. ಅವನ ತಾಯಿ. ದೀಪಾವಳಿಯಲ್ಲಿ ಬಿದ್ದು ತೊಡೆಯ ಮೂಳೆ ಮುರಿದಿದೆಯಂತೆ, ಹಾಸಿಗೆಯಲ್ಲೇ ಎಲ್ಲ. ಕೆಲಸಕ್ಕೆ ಇಟ್ಟವರು ಒಬ್ಬರೂ ನಿಲ್ಲುವುದಿಲ್ಲವಂತೆ. ಬಾಗಿಲ ತನಕ ವಾಸನೆ ಬರುತ್ತಿತ್ತು.

ಬಸ್ಸಿನಲ್ಲಿ ಬರುವಾಗ ಎದೆಯ ಮೇಲಿನ ಭಾರ ಇಳಿದ ಹಾಗಿತ್ತು. ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಊರಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಟೀ ಕೂಡ ತಾನೇ ಕಾಸಿ ಕೊಟ್ಟ. ನಾಳೆ ಬೆಳಿಗ್ಗೆಯೇ ಜುಂಜಮ್ಮನಿಗೆ ತಿಳಿಸುತ್ತೇನೆ.

ಮಾರ್ಚ್ 14, ಶುಕ್ರವಾರ

ಅವಳ ಮೂಗಿನ ನಳಿಕೆ ಇವತ್ತು ತೆಗೆದರು. ನಾನು ಮೊಳಕಾಲ್ಮುರಿನ ಮಾತು ಹೇಳಿದೆ. ಕರಿಯಕ್ಕ ಎರಡೂ ಕೈ ಎತ್ತಿ ಮುಗಿದಳು. ಜುಂಜಮ್ಮ ಗೋಡೆ ಕಡೆ ಮುಖ ತಿರುಗಿಸಿದಳು.

ಅವ್ವ ಎಳನೀರು ತರಲು ಹೋದ ಮೇಲೆ ಮಾತಾಡಿದಳು. ದನಿ ಇನ್ನೂ ಗಂಟಲಲ್ಲೇ ಇತ್ತು. ನಾನು ಬಾಗಿ ಕಿವಿ ಕೊಡಬೇಕಾಯಿತು.

"ನಿನ್ ಜೊತೆ ಎಷ್ಟು ಹೊತ್ತು ಮಾತಾಡ್ದ?"

"ಒಂದು ಗಂಟೆ ಆಗಿರ್ಬೋದು."

"ನಾನು ಆ ಮನೆ ಬಿಡೋವಾಗ ಅವನು ನನ್ ಜೊತೆ ಮಾತಾಡಿ ಎರಡು ವರ್ಷದ ಮೇಲಾಗಿತ್ತು ಗೀತಾ."

"ಜಗಳ ಆಗಿತ್ತಾ?"

"ಜಗಳ ಆಡಾಕೂ ಮಾತು ಬೇಕಲ್ಲ. ನಾನು ತಟ್ಟೆ ಹಿಡ್ಕಂಡು ಮುಂದೆ ನಿಂತಿರ್ತಿದ್ದೆ, 'ಅವ್ವಾ, ಊಟಕ್ಕೆ ಇಡಾಕೆ ಹೇಳು' ಅಂತ ಅವನ ಅವ್ವಂಗೆ ಹೇಳ್ತಿದ್ದ. ಮಕ್ಕಳಾಗ್ಲಿಲ್ಲ ಅಂತ ಸುರುವಾಯ್ತೋ, ಯಾಕೆ ಸುರುವಾಯ್ತೋ. ಕೇಳಿದ್ರೆ ಹೇಳಿದ್ರೆ ತಾನೆ? ಹೊರಗಡೆ ಹೋದ್ರೆ ಬಾಯಿ ಮುಚ್ಚಲ್ಲ, ಮನೆಗೆ ಬಂದ್ರೆ ನಾನು ಇಲ್ಲವೇ ಇಲ್ಲ."

ಅವಳ ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತಿದೆ.

"ಒಂದಿನ ಹಿತ್ತಲಾಗೆ ಪಾತ್ರೆ ತಿಕ್ತಿದ್ದೆ. ಕಾಲ ಹತ್ರನೇ ಹಾವು ಬಂದೈತೆ, ನಾನು ನೋಡಿಲ್ಲ. ಅವನು ಬಾಗಿಲಾಗೆ ನಿಂತು ನೋಡ್ತಾವನೆ. ಒಳಗೆ ತಿರುಗಿ, 'ಅವ್ವಾ, ಹಾವೈತೆ ಅಂತ ಅವಳಿಗೆ ಹೇಳು' ಅಂದ. ಮುದುಕಿ ಎದ್ದು ಬರೋತನಕ ಹಂಗೇ ನಿಂತಿದ್ದ."

"ಎಂಥ ಹಾವು?" ಎಂದೆ.

"ನಾಗರ. ಅದರ ಪಾಡಿಗೆ ಅದು ಹೋಯ್ತು. ಬೆಳಿಗ್ಗೆ ನಾನೂ ಬಂದೆ."

"ಅವ್ವಂಗೆ ಹೇಳಿದೀಯಾ ಇದನ್ನ?"

"ಹೇಳಿದೆ. 'ಕಚ್ಚಿತಾ?' ಅಂದ್ಲು."

ಅಷ್ಟರಲ್ಲಿ ಕರಿಯಕ್ಕ ಎಳನೀರು ತಂದಳು. ಡಾಕ್ಟರು ಹೇಳಿದಂತೆ ಎರಡೇ ಚಮಚ ಕುಡಿಸಿದೆವು. ನಾನು ಹೊರಡುವಾಗ ಜುಂಜಮ್ಮ ನನ್ನ ಸೆರಗು ಹಿಡಿದಳು. "ಬೇರೆ ದಾರಿ ಇಲ್ಲಾಂದ್ರೆ ಹೋಗ್ತೀನಿ ಬಿಡು. ನನ್ನಿಂದ ನಿನ್ನ ಮನೆ ಮುಳುಗೋದು ಬ್ಯಾಡ" ಎಂದಳು. ಮಂಡಿಯವನನ್ನು ಬೆವರಿಳಿಸುವ ಹೆಂಗಸು ಹೀಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಸುಮ್ಕೆ ಮಲಗು" ಎಂದು ಬಂದೆ.

ಮಾರ್ಚ್ 15, ಶನಿವಾರ

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ, ಜುಂಜಮ್ಮನಿಗೆ ಮೊಳಕಾಲ್ಮುರಿಗೆ ಹೋಗಲು ಮನಸ್ಸಿಲ್ಲ ಎಂದು.

"ಗಂಡ ಅನ್ನೋನು ತಾನೇ ಮುಂದೆ ಬಂದು ಕಟ್ತೀನಿ ಅಂತಾನೆ. ನೀನ್ಯಾಕೆ ನಡುವೆ ಅಡ್ಡ ಬೀಳ್ತೀಯಾ?"

ಹಾವಿನ ಮಾತು ನಾಲಗೆಯ ತುದಿಗೆ ಬಂದಿತ್ತು. ಅದು ಅವಳು ನನಗೆ ಹೇಳಿದ್ದು. ಸಾರು ಬಡಿಸಿದೆ. ಇವರು ಮೊಬೈಲ್ ನೋಡುತ್ತ ಉಂಡು ಎದ್ದರು. ನಮ್ಮ ಮನೆಯಲ್ಲೂ ಮಾತು ಕಡಿಮೆಯೇ. ಆದರೆ ಅದು ಬೇರೆ, ಇದು ಬೇರೆ. ಬೇರೆ ಎಂದೇ ನನಗೆ ಅನ್ನಿಸುತ್ತದೆ.

ಕಷ್ಟ ಇರುವುದು ಹೀಗೆ. ಬೊಮ್ಮಲಿಂಗಪ್ಪನವರ ಹೊಲದಲ್ಲಿ ನಾವು ಗುತ್ತಿಗೆ ಹಿಡಿದ ಮರಗಳನ್ನೆಲ್ಲ ಬಡಿಸಿ ಆಗಿದೆ. ಹಣ್ಣು ಅಲ್ಲೇ ಗುಡ್ಡೆ ಬಿದ್ದಿದೆ. ಸಿಪ್ಪೆ ಸುಲಿದು, ಕುಟ್ಟಿ ಬೀಜ ತೆಗೆದು ಮಂಡಿಗೆ ಹಾಕಿದರೆ ಬಿಲ್ಲಿನ ಹತ್ತಿರ ಹತ್ತಿರ ಬಂದೀತು. ನಾವಿಬ್ಬರೇ ಕುಟ್ಟಿದರೆ ಯುಗಾದಿ ಕಳೆದು ತಿಂಗಳಾಗುತ್ತದೆ. ಈಗ ಕುಟ್ಟಲು ಒಬ್ಬಳೇ. ಕೂಲಿಗೆ ಕರೆದರೆ ಬಂದದ್ದೆಲ್ಲ ಕೂಲಿಗೇ ಸರಿ. ಅದೂ ಅಲ್ಲದೆ ಗುತ್ತಿಗೆಯ ಅರ್ಧ ಹಣ ಇನ್ನೂ ಬಾಕಿ. ಪೂರ್ತಿ ಕೊಡದೆ ಬೊಮ್ಮಲಿಂಗಪ್ಪನವರು ಹಣ್ಣನ್ನು ಹೊಲದಿಂದ ಎತ್ತಲು ಬಿಡುವವರಲ್ಲ. ಮೊದಲ ಸಲ ಸ್ವಲ್ಪ ಎತ್ತಲು ಬಿಟ್ಟದ್ದೇ ಜುಂಜಮ್ಮನ ಬಾಯಿಗೆ ಹೆದರಿ.

ಮುಯ್ಯಿಗೆ ಕರೆದರೆ?

ಮಾರ್ಚ್ 16, ಭಾನುವಾರ

ಬೆಳಿಗ್ಗೆಯೇ ಬೊಮ್ಮಲಿಂಗಪ್ಪನವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದರು. ಜುಂಜಮ್ಮ ಇದ್ದಿದ್ದರೆ ನಾನು ಅವಳ ಹಿಂದೆ ನಿಲ್ಲುತ್ತಿದ್ದೆ.

"ನಿನ್ ಗಂಡ ಹೊನ್ನೂರಸ್ವಾಮೀನ ಕಳಿಸವ್ವ. ವ್ಯವಹಾರ ಗಂಡಸರತ್ರ ಮಾತಾಡ್ತೀನಿ."

"ಅವರು ಗಾಡಿ ಓಡಿಸೋರು, ಹುಣಸೆ ವ್ಯಾಪಾರ ಅವರಿಗೇನು ಗೊತ್ತು ಯಜಮಾನ್ರೆ. ನನ್ನತ್ರನೇ ಮಾತಾಡ್ರಿ."

ಕ್ಷೌರದ ಅಜ್ಜಪ್ಪ ಕತ್ತಿ ಹಿಡಿದುಕೊಂಡೇ ನಕ್ಕ. ಬೊಮ್ಮಲಿಂಗಪ್ಪನವರಿಗೆ ನಗಲಾಗಲಿಲ್ಲ, ಅರ್ಧ ಗಡ್ಡ ಬಾಕಿ ಇತ್ತು. ಯುಗಾದಿ ಕಳೆದು ಹದಿನೈದು ದಿನದಲ್ಲಿ ಉಳಿದ ಹಣ ಕೊಡುತ್ತೇವೆ, ಹಣ್ಣು ಎತ್ತಲು ಬಿಡಿ ಎಂದೆ. ಆಗದು ಎಂದರು. ನಾನು ಹೋಗಲಿಲ್ಲ, ಅಲ್ಲೇ ಕಂಬಕ್ಕೆ ಒರಗಿ ಕೂತೆ. ಗಡ್ಡ ಮುಗಿಯಿತು. ಮುಖ ತೊಳೆದು ಬಂದರು. ನಾನು ಇನ್ನೂ ಅಲ್ಲೇ ಇದ್ದೆ.

"ಬೀಜ?" ಎಂದರು.

ಹುಣಸೆ ಬೀಜಕ್ಕೂ ಬೆಲೆ ಇದೆ. ನಮ್ಮ ವರ್ಷದ ಸೀರೆ, ಬಳೆ ಅದರಲ್ಲೇ ಆಗುವುದು.

"ಬೀಜ ನಿಮಗೆ."

"ಕುಟ್ಟಿಸ್ತೀಯಾ ಹೆಂಗೆ? ಕೂಲಿಗೆ ದುಡ್ಡೆಲ್ಲೈತೆ?"

"ಅದು ನನ್ನ ತಲೆನೋವು ಯಜಮಾನ್ರೆ."

"ಜುಂಜಮ್ಮನ ಬಾಯಿ ನಿಂಗೆ ಬಂತಲ್ಲವ್ವ" ಎಂದು ಒಳಗೆ ಹೋದರು. ಒಪ್ಪಿದ್ದಾರೆ ಎಂದು ಅವರ ಹೆಂಡತಿ ಹೊರಗೆ ಬಂದು ಹೇಳಿದರು.

ಅಲ್ಲಿಂದ ಮನೆ ಮನೆಗೆ. ಯಾರನ್ನೂ ದುಡ್ಡು ಕೇಳಲಿಲ್ಲ, ಕೇಳಿದರೂ ಯಾರ ಹತ್ತಿರ ಇದೆ? ನಾಲ್ಕು ದಿನ ಮುಯ್ಯಾಳು ಬನ್ನಿ ಎಂದೆ. ನೀವು ನಮಗೆ ನಾಲ್ಕು ದಿನ ಕುಟ್ಟಿದರೆ ನಾನು ನಿಮ್ಮ ಹೊಲಕ್ಕೆ ನಾಲ್ಕು ದಿನ ಬರುತ್ತೇನೆ. ಜುಂಜಮ್ಮ ಎದ್ದ ಮೇಲೆ ಅವಳೂ ಬರುತ್ತಾಳೆ. ಮೊದಲು ನಿಂಗಕ್ಕನ ಮನೆ. ಅವಳು ಒಪ್ಪಿದರೆ ನಮ್ಮ ಓಣಿಯೇ ಒಪ್ಪಿದ ಹಾಗೆ.

"ಗಂಡ ಪೂರಾ ಕಟ್ತಾನಂತಲ್ಲೇ. ಕರಿಯಕ್ಕನೇ ಫೋನಾಗೆ ಹೇಳಿದ್ಲು. ಮತ್ತೆ ನಾವ್ಯಾಕೆ ಬಿಸಿಲಾಗೆ ಕುಂತು ಕುಟ್ಬೇಕು?"

"ಹೋಗಾಕೆ ಅವಳಿಗೆ ಮನಸ್ಸಿಲ್ಲಕ್ಕ."

"ಯಾಕಂತೆ?"

"ಅದನ್ನ ಅವಳೇ ಹೇಳ್ಬೇಕು. ನಾನು ಹೇಳಲ್ಲ."

ನಿಂಗಕ್ಕ ಮೊರದಲ್ಲಿದ್ದ ಶೇಂಗಾ ಕೇರುತ್ತಲೇ ಇದ್ದಳು. ಕಲ್ಲು ಆರಿಸಿ ಎಸೆದಳು. ಇನ್ನೊಂದು ಎಸೆದಳು.

"ನನ್ನ ಈರುಳ್ಳಿ ಕೀಳಾಕೆ ನಾಲ್ಕೂ ದಿನ ಬರ್ಬೇಕು ನೀನು. ಒಂದಿನ ಕೈ ಕೊಟ್ರೂ ಮನೆ ಮುಂದೆ ಬಂದು ಕೂಗ್ತೀನಿ ನೋಡು."

ಕೆಲವರು ಬರುವುದಿಲ್ಲ ಎಂದರು. ಮಂಜಮ್ಮ, "ಗಂಡನ ಬಿಟ್ಟು ಬಂದೋಳಿಗೆ ಗಂಡನೇ ದಿಕ್ಕು ಆಗ್ತಾನೆ ಬಿಡು" ಎಂದು ಬಾಗಿಲು ಹಾಕಿಕೊಂಡಳು. ಉಳಿದವರು ಇಪ್ಪತ್ತು ಜನರಾದರು. ಇಷ್ಟು ಮುಯ್ಯಿ ತೀರಿಸುವಷ್ಟರಲ್ಲಿ ಮಳೆಗಾಲ ಬರುತ್ತದೆ. ಬರಲಿ.

ರಾತ್ರಿ ಇವರಿಗೆ ಹೇಳಿದೆ, ನಾಳೆಯಿಂದ ನಾನು ಹೊಲದಲ್ಲಿರುತ್ತೇನೆ, ಬುತ್ತಿ ಬೆಳಿಗ್ಗೆಯೇ ಕಟ್ಟಿಡುತ್ತೇನೆ ಎಂದು. ತಲೆ ಎತ್ತಿ ನನ್ನನ್ನು ನೋಡಿದರು.

ಮಾರ್ಚ್ 18, ಮಂಗಳವಾರ

ಎರಡು ದಿನದಿಂದ ಕುಟ್ಟುತ್ತಿದ್ದೇವೆ. ಮರದ ನೆರಳು ಸರಿದ ಹಾಗೆ ಇಪ್ಪತ್ತು ಜನವೂ ಕಲ್ಲು, ಸುತ್ತಿಗೆ, ಗೋಣಿತಟ್ಟು ಎಳೆದುಕೊಂಡು ಸರಿಯುವುದು. ಸುತ್ತಿಗೆಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲವೆಂದು ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ರಸ್ತೆಯಲ್ಲಿ ಹೋಗುವವರು ಜಗಳವೆಂದು ನಿಂತು ನೋಡುತ್ತಾರೆ.

ಇವತ್ತು ಬೆಳಿಗ್ಗೆ ಬಂದಾಗ ಮಂಜಮ್ಮ ನಮಗಿಂತ ಮೊದಲೇ ಬಂದು ಕೂತಿದ್ದಳು. ಯಾರೂ ಏನೂ ಕೇಳಲಿಲ್ಲ. "ಮನೆಯಾಗೆ ಕುಂತು ಬ್ಯಾಸರ ಆಯ್ತು" ಎಂದು ತಾನೇ ಹೇಳಿದಳು. ಮಧ್ಯಾಹ್ನ ಉಣ್ಣುವಾಗ ನನ್ನ ಪಕ್ಕ ಬಂದು ಕೂತು, ಮೆಲ್ಲಗೆ, "ಹೊಡೀತಿದ್ನಾ?" ಎಂದಳು.

"ಇಲ್ಲ."

"ಮತ್ತೆ?"

ನಾನು ರೊಟ್ಟಿ ಮುರಿದೆ. ಅವಳು ತನ್ನ ಬುತ್ತಿಯಿಂದ ಬದನೆಕಾಯಿ ಪಲ್ಯ ನನ್ನ ರೊಟ್ಟಿಗೆ ಹಾಕಿದಳು.

ಮಾರ್ಚ್ 19, ಬುಧವಾರ

ಜುಂಜಮ್ಮನಿಗೆ ಫೋನ್ ಮಾಡಿದೆ. ಗಂಜಿ ಕುಡಿಯುತ್ತಿದ್ದಾಳೆ, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಂದಳಂತೆ. ಆಮೇಲೆ ಕರಿಯಕ್ಕ ಫೋನ್ ಕಸಿದುಕೊಂಡಳು.

"ಯರ್ರಿಸ್ವಾಮಿ ಬಂದಿದ್ದ ಕಣವ್ವ. ಸೇಬು, ದಾಳಿಂಬೆ ತಂದಿದ್ದ. ಒಂದು ತಾಸು ಕುಂತಿದ್ದ. ಎಷ್ಟು ಚೆಂದ ಮಾತಾಡ್ತಾನೆ ಗೊತ್ತಾ? ಶನಿವಾರ ಬಿಡ್ತಾರಂತೆ, ಕಾರು ತರ್ತೀನಿ ಅಂದವ್ನೆ."

"ಯಾರ ಜೊತೆ ಮಾತಾಡ್ದ ದೊಡ್ಡವ್ವ?"

"ಇನ್ಯಾರ ಜೊತೆ? ನನ್ ಜೊತೆ."

ಶನಿವಾರ. ಕತ್ತಲಾಗುವ ತನಕ ಕುಟ್ಟಬೇಕು.

ಮಾರ್ಚ್ 20, ಗುರುವಾರ

ಬೆರಳು ಒಡೆದು ಹುಳಿ ಇಳಿದಿದೆ. ಪೆನ್ನು ಹಿಡಿಯಲಾಗುವುದಿಲ್ಲ. ಕುಟ್ಟುವುದು ಮುಗಿಯಿತು.

ಮಾರ್ಚ್ 21, ಶುಕ್ರವಾರ

ಗಾಡಿ ಬೇಕು ಎಂದಾಗ ಇವರು, "ಬಾಡಿಗೆ ಯಾರು ಕೊಡ್ತಾರೆ?" ಎಂದರು.

"ಡೀಸೆಲ್ ಹಾಕಿಸ್ತೀನಿ. ಬಾಡಿಗೆ ಕೊಡಲ್ಲ."

ನನ್ನ ಕೈ ನೋಡಿದರು. ಚೀಲ ಎತ್ತತೊಡಗಿದರು.

ಮಂಡಿಯವನಿಗೆ ಜುಂಜಮ್ಮ ಇಲ್ಲದ್ದು ಕಂಡು ಧೈರ್ಯ ಬಂತು. ಹೋದ ಸಲದ ದರಕ್ಕಿಂತ ಇಳಿಸಿ ಹೇಳಿದ. ನಾರು ಇದೆ, ತೇವ ಇದೆ ಎಂದ. ಒಂದು ಹಿಡಿ ತೆಗೆದು ಅವನ ಮುಂದೆ ಹಿಂಡಿ ತೋರಿಸಿದೆ. ಅವನು ಬೇರೆ ಕಡೆ ನೋಡಿದ. ನನಗೆ ಅವಳ ಹಾಗೆ ಜಗಳ ಬರುವುದಿಲ್ಲ.

"ಚೀಲ ವಾಪಸ್ ಏರಿಸ್ರಿ, ಮುಂದಿನ ಮಂಡಿಗೆ ಹೋಗಣ" ಎಂದು ಇವರಿಗೆ ಹೇಳಿದೆ.

ಹೆದರಿಸಲು ಹೇಳಿದ ಮಾತು. ಇವರು ನಿಜಕ್ಕೂ ಏರಿಸತೊಡಗಿದರು. ಐದಾರು ಚೀಲ ಏರಿಸಿದ ಮೇಲೆ ಮಂಡಿಯವನು, "ನಿಲ್ಲಮ್ಮ ನಿಲ್ಲು, ಹೋದ ಸಲದ ದರಾನೇ ಹಾಕ್ಕೊಳ್ಳಣ" ಎಂದ. ಇವರು ಬೆವರು ಒರೆಸಿಕೊಂಡು ಮತ್ತೆ ಇಳಿಸಿದರು. ಮುಖ ಸಿಂಡರಿಸಲಿಲ್ಲ.

ಬಂದದ್ದಕ್ಕೂ ಬಿಲ್ಲಿಗೂ ಇನ್ನೂ ಹದಿನೆಂಟು ಸಾವಿರ ವ್ಯತ್ಯಾಸ ಇದೆ. ಇವತ್ತು ಇಲ್ಲೇ ಆಸ್ಪತ್ರೆಯಲ್ಲಿ ಉಳಿಯುತ್ತೇನೆ. ಇವರು ಗಾಡಿಯಲ್ಲೇ ಮಲಗುತ್ತೇನೆ ಎಂದರು. ಊರಿಗೆ ಹೋಗಬಹುದಿತ್ತು.

ಮಾರ್ಚ್ 22, ಶನಿವಾರ

ಹತ್ತು ಗಂಟೆಯ ಹೊತ್ತಿಗೆ ಯರ್ರಿಸ್ವಾಮಿ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ನಮಗೆಲ್ಲ ನಮಸ್ಕಾರ ಹೇಳಿದ, ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರ ಕೈ ಕುಲುಕಿದ, ಪಕ್ಕದ ಮಂಚದ ರೋಗಿಗೂ ಹೇಗಿದ್ದೀರಿ ಎಂದ. ಜುಂಜಮ್ಮ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಸೀರೆ ಉಡಿಸಿ, ತಲೆ ಬಾಚಿ ನಾನೇ ಕೂರಿಸಿದ್ದೆ. ಅವನು ಅವಳನ್ನು ದಾಟಿ ಹೋಗಿ ಕರಿಯಕ್ಕನ ಕೈಗೆ ಒಂದು ಕವರು ಕೊಟ್ಟ.

"ಅತ್ತೆ, ಇದನ್ನ ಕೌಂಟರಾಗೆ ಕಟ್ರಿ. ಕಾರು ಗೇಟ್ ಹತ್ರ ಐತೆ. ಹೊರಡಾಕೆ ಹೇಳ್ರಿ."

"ಬಿಲ್ಲು ನಾವು ಕಟ್ತಾ ಇದೀವಿ" ಎಂದೆ. ಸೆರಗಿನ ಗಂಟಿನಲ್ಲಿದ್ದ ಹಣ ಸಾಲದು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಅವನಿಗೆ ಕೋಪ ಬರಲಿಲ್ಲ. ನಕ್ಕ. "ಗೀತಮ್ಮಾರೆ, ನೀವು ಮಾಡಿದ್ದು ದೊಡ್ಡ ಉಪಕಾರ, ಮರೆಯಲ್ಲ. ಆದ್ರೆ ಇದು ಮನೆ ವಿಷಯ." ಮತ್ತೆ ಕರಿಯಕ್ಕನ ಕಡೆ ತಿರುಗಿ, "ಅತ್ತೆ, ಬಿಸಿಲೇರ್ತೈತೆ. ಹೊರಡಾಕೆ ಹೇಳ್ರಿ ಅವಳಿಗೆ" ಎಂದ.

ಕರಿಯಕ್ಕ ಕವರು ಹಿಡಿದುಕೊಂಡೇ ಮಗಳನ್ನು ನೋಡಿದಳು. ಜುಂಜಮ್ಮ ಅವ್ವನನ್ನೇ ನೋಡುತ್ತಿದ್ದಳು. ಇಬ್ಬರ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಅವನು ಆ ಕಡೆ ಕೈ ಚಾಚಿದ್ದರೆ ಅವಳ ಭುಜಕ್ಕೆ ತಾಕುತ್ತಿತ್ತು.

"ಅವಳು ಇಲ್ಲೇ ಕುಂತವಳಲ್ಲಪ್ಪ. ನೀನೇ ಹೇಳು" ಎಂದಳು ಕರಿಯಕ್ಕ.

ಅವನು ಮತ್ತೆ ನಕ್ಕ. "ನೀವು ಹೇಳಿದ್ರೆ ಆಯ್ತಲ್ಲ ಅತ್ತೆ."

"ನಾನು ಹೇಳಲ್ಲ. ನೀನು ಕರಿ. ಜುಂಜಮ್ಮ ಬಾ ಅನ್ನು. ಅಷ್ಟೇ ಅನ್ನು, ಕಳಿಸ್ತೀನಿ."

ಅವನು ಬಾಯಿ ತೆರೆದ. ಅವಳ ಕಾಲ ಹತ್ತಿರದ ನೆಲ ನೋಡಿದ. ಪಕ್ಕದ ಮಂಚದವರೂ ತಿರುಗಿ ನೋಡುತ್ತಿದ್ದರು. ಮೊಳಕಾಲ್ಮುರಿನಿಂದ ರಾಯದುರ್ಗದವರೆಗೆ ರೈತರನ್ನು ಮಾತಿನಲ್ಲೇ ಒಪ್ಪಿಸುವ ಮನುಷ್ಯ. ಹೊರಡಲಿಲ್ಲ. ಎರಡು ಮಾತು ಅವನ ಬಾಯಿಂದ ಹೊರಡಲಿಲ್ಲ. ಕುತ್ತಿಗೆ ಕೆಂಪಾಯಿತು. ಆಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. "ಆಂ, ಚೆಪ್ಪನ್ನಾ... ವಸ್ತುನ್ನಾ, ವಸ್ತುನ್ನಾ" ಎಂದು, ಬಂದೆ ಬಂದೆ ಎನ್ನುತ್ತ, ತೆಲುಗಿನಲ್ಲಿ ಸರಾಗವಾಗಿ ಮಾತಾಡುತ್ತ ಬಾಗಿಲು ದಾಟಿದ.

ಕರಿಯಕ್ಕ ಅವನ ಹಿಂದೆಯೇ ಹೋಗಿ ಕವರನ್ನು ಅವನ ಕೈಗೆ ತುರುಕಿ ಬಂದಳು. ಬಂದವಳು ಮಗಳ ಮುಂದೆ ನಿಂತು, ಅವಳ ಸೆರಗು ಸರಿಮಾಡಿದಳು. ಸರಿಯಾಗಿಯೇ ಇದ್ದ ಸೆರಗು.

"ಕಚ್ಚಿದಂಗೇ ಅಲ್ವೇನೇ ಅದು" ಎಂದಳು.

ಜುಂಜಮ್ಮ ಅವ್ವನ ಸೊಂಟಕ್ಕೆ ಹಣೆ ಇಟ್ಟಳು. ನಾನು ಕೌಂಟರಿಗೆ ನಡೆದೆ.

ಇದ್ದ ಹಣವನ್ನೆಲ್ಲ ಎಣಿಸಿಕೊಟ್ಟೆ. ಉಳಿದದ್ದು ಯುಗಾದಿ ಕಳೆದು ಒಂದು ತಿಂಗಳಲ್ಲಿ, ಇವತ್ತು ಇಷ್ಟೇ ಇರುವುದು ಎಂದೆ. ಮ್ಯಾನೇಜರು ಬಹಳ ಹೊತ್ತು ನನ್ನ ಬೆರಳುಗಳನ್ನೇ ನೋಡಿದರು. ಡಾಕ್ಟರನ್ನು ಕೇಳಿ ಬಂದು ಐದು ಸಾವಿರ ಬಿಟ್ಟರು. ಉಳಿದದ್ದಕ್ಕೆ ಯಾರಾದರೂ ಜವಾಬ್ದಾರಿ ಬರೆದುಕೊಡಬೇಕು ಎಂದು ಕಾಗದವನ್ನು ನನ್ನ ಹಿಂದೆ ನಿಂತಿದ್ದ ನಮ್ಮ ಮನೆಯವರ ಕಡೆ ಚಾಚಿದರು.

"ಅವಳೇ ಹಾಕ್ತಾಳೆ ತಗಳ್ರಿ" ಎಂದರು ಇವರು.

ಸಹಿ ಹಾಕಿದೆ. ಒಡೆದ ಬೆರಳಿಗೆ ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಗಾಡಿಯ ಹಿಂದೆ ಹಾಸಿಗೆ ಹಾಸಿ ಕರಿಯಕ್ಕನನ್ನು ಕೂರಿಸಿದೆವು. ಮುಂದೆ ಜುಂಜಮ್ಮನಿಗೆ ಹೊಟ್ಟೆಗೆ ದಿಂಬು ಕೊಟ್ಟು ಕಿಟಕಿ ಪಕ್ಕ, ನಡುವೆ ನಾನು. ಗಾಡಿ ಎತ್ತಿನಗಾಡಿಗಿಂತ ಮೆಲ್ಲಗೆ ಹೊರಟಿತು. ಚಳ್ಳಕೆರೆ ದಾಟುವ ತನಕ ಯಾರೂ ಮಾತಾಡಲಿಲ್ಲ.

"ಹಂಪ್ ಬಂತಮ್ಮ ಜುಂಜಮ್ಮ, ದಿಂಬು ಗಟ್ಟಿ ಹಿಡ್ಕ" ಎಂದರು ಇವರು ಇದ್ದಕ್ಕಿದ್ದಂತೆ.

"ಹೂಂ ಅಣ್ಣ."

ಇವರು ಅವಳನ್ನು ಹೆಸರು ಹಿಡಿದು ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ನಿಲ್ಲಿಸಲೇ ಇಲ್ಲ. ಗುಂಡಿ ಐತಮ್ಮ ಎಡಗಡೆ. ಈಗ ತಿರುವು. ಮುಂದೆ ಕುರಿಮಂದೆ, ಬ್ರೇಕ್ ಹಾಕ್ತೀನಿ. ತಳಕು ಬಂತು, ಟೀ ಕುಡೀತೀಯಾ, ಡಾಕ್ಟರು ಬೇಡ ಅಂದ್ರಾ, ಹಂಗಾದ್ರೆ ಬೇಡ ಬಿಡು. ರಸ್ತೆಯಲ್ಲಿ ಏನೂ ಇಲ್ಲದಾಗ ಈರುಳ್ಳಿ ದರ ಹೇಳಿದರು, ಟೈರಿನ ದರ ಹೇಳಿದರು. ನನ್ನನ್ನೂ ಕೇಳಿದರು, ಸೋಮವಾರ ನಿಂಗಕ್ಕನ ಹೊಲಕ್ಕೆ ಎಷ್ಟು ಹೊತ್ತಿಗೆ ಹೋಗ್ತೀಯಾ, ಬಿಟ್ಟು ಬರ್ಲಾ ಎಂದು. ಏನಾಯಿತೋ ಇವರಿಗೆ. ನನಗೆ ತೂಕಡಿಕೆ ಬಂದು, ಹಾನಗಲ್ ಹತ್ತಿರ ಎಚ್ಚರವಾದಾಗಲೂ ಮಾತು ನಡೆದೇ ಇತ್ತು. ಪ್ರತಿ ಗುಂಡಿಗೂ ಅವಳು ಹೂಂ ಅಣ್ಣ ಎನ್ನುತ್ತಿದ್ದಳು.

ದೇವಸಮುದ್ರದ ಮೊದಲ ಮನೆಗಳು ಕಂಡವು. ನಿಂಗಕ್ಕ, ಮಂಜಮ್ಮ ಎಲ್ಲ ರಸ್ತೆಗೇ ಬಂದು ನಿಂತಿದ್ದರು. ಹುಟ್ಟಿ ಬೆಳೆದ ಊರು, ಅವಳಿಗೆ ಗೊತ್ತಾಗುವುದಿಲ್ಲವೇ. ಆದರೂ ಇವರು ಹೇಳಿದರು.

"ಊರು ಬಂತು ಕಣಮ್ಮ."

"ಬಂತಾ ಅಣ್ಣಾ" ಎಂದಳು ಜುಂಜಮ್ಮ.